ಕಷ್ಟಗಳ ಪಾಠಶಾಲೆಯಲ್ಲಿ ಸಂತ ಜೋಸೆಫ್ ವಾಜ್

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಈ ತಾಲೂಕುಗಳಲ್ಲಿ ಕಥೋಲಿಕ ಕುಟುಂಬಗಳು ಕರಾವಳಿಯಲ್ಲಿರುವಂತೆ ಒಂದೇ ವಾಡೆಯಲ್ಲಿ, ದೇವಾಲಯದ ಗಂಟೆಯ ಸದ್ದು ಕೇಳಿಸುವಷ್ಟು ಸಮೀಪದಲ್ಲಿ ನೆಲೆಸಿದವುಗಳಲ್ಲ. ಉದ್ಯೋಗ ನಿಮಿತ್ತ ಬಂದವರು, ಹಿಂದಿನಿಂದಲೂ ಇಲ್ಲಿಯೇ ಮಣ್ಣು ಹಿಡಿದು ನಿಂತವರು, ಗಡಿಯಾಚೆಯ ಊರುಗಳಲ್ಲಿ ನಂಟಸ್ತಿಕೆ ಉಳ್ಳವರು, ಹೀಗೆ ಅಲ್ಲೊಂದು ಇಲ್ಲೊಂದು ಮನೆ. ಧರ್ಮಗುರುಗಳು ಒಬ್ಬರು, ಅವರು ಸುತ್ತಬೇಕಾದ ಊರುಗಳು ಹಲವು. ಮಳೆಗಾಲದಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಕೆಳಮಟ್ಟದ ಸೇತುವೆಗಳು ಮುಳುಗಿದವೆಂದರೆ ಭಾನುವಾರದ ಬಲಿಪೂಜೆಗೆ ಗುರುಗಳೂ ಇತ್ತ ಬರಲಾರರು, ನಾವೂ ಅತ್ತ ಹೋಗಲಾರೆವು.

ಅಂತಹ ಭಾನುವಾರ ಮನೆಯಲ್ಲಿ ಜಪಸರವನ್ನು ಮೊದಲು ಕೈಗೆತ್ತಿಕೊಳ್ಳುವವರು ಯಾರು? ನೆರೆಮನೆಯ ಕ್ರೈಸ್ತ ವೃದ್ಧೆ ಮರಣಶಯ್ಯೆಯಲ್ಲಿದ್ದಾಗ, ಗುರುಗಳು ತಲುಪುವಷ್ಟರಲ್ಲಿ ಆಕೆಯ ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥನೆ ಹೇಳಬಲ್ಲವರು ಯಾರು? ಮುಂದಾಳುತನವೆಂದ ಕೂಡಲೇ ನಮ್ಮ ಕಣ್ಣಿಗೆ ವೇದಿಕೆ, ಹಾರ, ಧ್ವನಿವರ್ಧಕಗಳೇ ಕಾಣುತ್ತವೆ. ಆದರೆ ಚದುರಿಹೋದ ಚಿಕ್ಕ ಸಮುದಾಯಕ್ಕೆ ಬೇಕಾದದ್ದು ಮೇಲಿನ ಎರಡು ಪ್ರಶ್ನೆಗಳಿಗೆ ಉತ್ತರವಾಗಬಲ್ಲ ಮುಂದಾಳು. ಈ ವಿಷಯವನ್ನು ಕುರಿತು ಆಲೋಚಿಸುವಾಗಲೆಲ್ಲ ಮುನ್ನೂರು ವರ್ಷಗಳಿಗೂ ಹಿಂದೆ ನಮ್ಮ ನೆರೆಯ ಗೋವೆಯಿಂದ ಬರಿಗಾಲಿನಲ್ಲಿ ಹೊರಟ ಒಬ್ಬ ಗುರುಗಳ ನೆನಪು ಬರುತ್ತದೆ. ಅವರೇ 2015ರ ಜನವರಿ 14ರಂದು ಕೊಲಂಬೊ ನಗರದಲ್ಲಿ ಜಗದ್ಗುರು ಫ್ರಾನ್ಸಿಸರು ಸಂತ ಪದವಿಗೇರಿಸಿದ ಜೋಸೆಫ್ ವಾಜ್. ಅದಕ್ಕೆ ಇಪ್ಪತ್ತು ವರ್ಷಗಳ ಮುನ್ನ, 1995ರ ಜನವರಿ 21ರಂದು, ಅದೇ ನಗರದಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ಪುನೀತರೆಂದು ಸಾರಿದ್ದರು. ಅವರು ಸಿಂಹಳದ ಪ್ರೇಷಿತರೆಂಬುದು ಲೋಕವಿದಿತ. ಅದಕ್ಕೂ ಮೊದಲು ಅವರು ಕನ್ನಡ ನಾಡಿನಲ್ಲಿ ಮೂರು ವರ್ಷ ದುಡಿದವರೆಂಬುದು ನಮ್ಮಲ್ಲಿ ಅನೇಕರಿಗೆ ಮರೆತುಹೋಗಿದೆ.

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ದಕ್ಷಿಣ ಗೋವೆಯ ಬಾಣಾವಲಿಯಲ್ಲಿ ಜನಿಸಿದರು. ಅದು ತಾಯಿಯ ತವರೂರು. ತಂದೆಯ ಊರು ಸಾಂಕವಾಳ. 1676ರಲ್ಲಿ ಗುರುಪಟ್ಟ ದೊರೆಯಿತು. ಮರುವರ್ಷ ಆಗಸ್ಟ್ 5ರಂದು ಸಾಂಕವಾಳದಲ್ಲಿ ಅವರು ಒಂದು ಪತ್ರವನ್ನು ಬರೆದು, ತಾನು ಮಾತೆ ಮರಿಯಳ ಶಾಶ್ವತ ಗುಲಾಮನೆಂದು ತಮ್ಮ ಕೈಯಾರೆ ಒಪ್ಪಿಸಿಕೊಂಡರು. ಗುಲಾಮಗಿರಿ ಎಂಬುದು ಆ ಕಾಲದ ಗೋವೆಯಲ್ಲಿ ಅಲಂಕಾರದ ಮಾತಾಗಿರಲಿಲ್ಲ. ಬೀದಿಯಲ್ಲಿ ಮಾರಾಟವಾಗುವ ಮನುಷ್ಯರನ್ನು ಜನ ಕಣ್ಣಾರೆ ಕಾಣುತ್ತಿದ್ದ ಕಾಲವದು. ಓದಿದ ಕುಲೀನ ಯುವಕನೊಬ್ಬನು ತನ್ನನ್ನು ಆ ಹೆಸರಿನಿಂದ ಕರೆದುಕೊಂಡನೆಂಬುದನ್ನು ನೆನಪಿಡಬೇಕು. ಮುಂದಿನ ಅವರ ಜೀವಿತವೆಲ್ಲ ಆ ಪತ್ರಕ್ಕೆ ಬರೆದ ಭಾಷ್ಯದಂತಿದೆ.

ಸಿಂಹಳಕ್ಕೆ ಹೋಗುವ ಬಯಕೆ ಅವರಲ್ಲಿ ಆಗಲೇ ಮೂಡಿತ್ತು. ಆದರೆ ಮೇಲಧಿಕಾರಿಗಳು 1681ರಲ್ಲಿ ಅವರನ್ನು ಕಳುಹಿಸಿದ್ದು ಕೆನರಾ ಸೀಮೆಗೆ, ಅಲ್ಲಿನ ಧರ್ಮಕಾರ್ಯದ ಮುಖ್ಯಸ್ಥರನ್ನಾಗಿ. ಕೆಳದಿಯ ರಾಣಿ ಚೆನ್ನಮ್ಮಾಜಿ ಆ ಸೀಮೆಯನ್ನು ಆಳುತ್ತಿದ್ದ ಕಾಲವದು. ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿಗಳ ಕಡೆಯ ಕ್ರೈಸ್ತರು ಗುರುಗಳ ಅಭಾವದಿಂದಲೂ, ಅದಕ್ಕಿಂತ ಹೆಚ್ಚಾಗಿ ಗುರುಗಳ ಜಗಳದಿಂದಲೂ ನೊಂದಿದ್ದರು. ಪೋರ್ಚುಗಲ್ ಅರಸನ ಹಕ್ಕಿಗೆ ಒಳಪಟ್ಟ ಗೋವೆಯ ಮಹಾಧರ್ಮಾಧ್ಯಕ್ಷರ ಅಧಿಕಾರ ಇಲ್ಲಿ ನಡೆಯಬೇಕೋ, ರೋಮ್ ನೇರವಾಗಿ ನೇಮಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೊರವರ ಅಧಿಕಾರ ನಡೆಯಬೇಕೋ ಎಂಬ ವಾದವದು. ಒಬ್ಬರು ಕೊಟ್ಟ ಸಂಸ್ಕಾರ ಸಲ್ಲದೆಂದು ಮತ್ತೊಬ್ಬರು ಹೇಳುವಷ್ಟರ ಮಟ್ಟಿಗೆ ಮಾತು ಬೆಳೆದಿತ್ತು. ಮೂವತ್ತು ವರ್ಷದ ಯುವಕ ವಾಜರು ಈ ಸುಳಿಯ ನಡುವೆ ಬಂದು ನಿಂತರು.

ಇಲ್ಲಿ ತುಸು ಪಕ್ಕಕ್ಕೆ ಸರಿದು ಒಂದು ಮಾತು. ಈ ತೋಮಸ್ ದೆ ಕಾಸ್ತ್ರೊರವರ ಸೋದರ ಸಂಬಂಧಿ ಹಿರಿಯರೇ ಮಾತೆವುಸ್ ದೆ ಕಾಸ್ತ್ರೊ. ಗೋವೆಯ ದಿವಾಡಿ ದ್ವೀಪದ ಈ ಪುರುಷರಿಗೆ ಸ್ವದೇಶೀಯನೆಂಬ ಕಾರಣದಿಂದ ಗೋವೆಯಲ್ಲಿ ಗುರುಪಟ್ಟ ಸಿಗಲಿಲ್ಲ. ಅವರು ಭೂಮಾರ್ಗವಾಗಿ ರೋಮ್ ನಗರವನ್ನು ಸೇರಿ ಗುರುವಾದರು. 1637ರಲ್ಲಿ ಬಿಷಪರೂ ಆದರು. ಅವರಿಗೆ ಒಪ್ಪಿಸಲಾದ ಸೀಮೆ ಬಿಜಾಪುರದ ಆದಿಲಶಾಹಿ ರಾಜ್ಯ. ಎಂದರೆ ನಮ್ಮ ರಾಯಬಾಗ, ಅಥಣಿಗಳ ಕಡೆಯೂ ಕಾಗದದ ಮೇಲೆ ಅವರ ಪಾಲನೆಗೆ ಸೇರಿದ್ದವು. ಅವರ ದೂರು ನ್ಯಾಯವಾದದ್ದೇ. ಚರ್ಮದ ಬಣ್ಣ ನೋಡಿ ಗುರುಪಟ್ಟ ನಿರಾಕರಿಸುವುದು ಅಂದೂ ಅನ್ಯಾಯ, ಇಂದೂ ಅನ್ಯಾಯ. ಆದರೆ ಆ ಗಾಯ ಅವರೊಳಗೆ ಮಾಯಲೇ ಇಲ್ಲ. ದೂರು, ಪ್ರತಿದೂರು, ರೋಮ್ ನಗರಕ್ಕೆ ಮತ್ತೆ ಮತ್ತೆ ಪ್ರಯಾಣ, ಇವುಗಳಲ್ಲಿಯೇ ಆಯುಷ್ಯ ಸವೆಯಿತು. ಅವರನ್ನು ಹಳಿಯುವ ಮನಸ್ಸು ನನಗಿಲ್ಲ. ಅದೇ ಅನ್ಯಾಯದ ನೆರಳಿನಲ್ಲಿ ಬೆಳೆದ ವಾಜರು ಬೇರೊಂದು ದಾರಿ ಹಿಡಿದರೆಂಬುದನ್ನು ಮಾತ್ರ ಗಮನಿಸಬೇಕು.

ಆ ದಾರಿ ಸುಲಭದ್ದಾಗಿರಲಿಲ್ಲ. ತಮ್ಮನ್ನು ಕಳುಹಿಸಿದವರಿಗೆ ವಿಧೇಯರಾಗಿರಬೇಕು, ಎದುರಿಗಿರುವ ವೃದ್ಧ ಬಿಷಪರನ್ನು ಅವಮಾನಿಸಬಾರದು, ಜನರ ಆತ್ಮಸಾಕ್ಷಿಗೆ ಗೊಂದಲವಾಗಬಾರದು. ವಾಜರು ಬಿಷಪರನ್ನು ಕಂಡು ವಿನಯದಿಂದ ಮಾತನಾಡಿ, ರೋಮಿನಿಂದ ತೀರ್ಮಾನ ಬರುವವರೆಗೆ ಜನರಿಗೆ ಸಂಸ್ಕಾರಗಳು ತಪ್ಪದಂತೆ ನೋಡಿಕೊಳ್ಳಲು ಯತ್ನಿಸಿದರು. ಊರೂರು ನಡೆದರು, ಮಕ್ಕಳಿಗೆ ಓದು ಕಲಿಸಲು ಏರ್ಪಾಡು ಮಾಡಿದರು, ಜನರ ಭಕ್ತಿಕೂಟಗಳನ್ನು ಕಟ್ಟಿದರು. ಮುಡಿಪು ಗುಡ್ಡದಲ್ಲಿ ಅವರು ಪ್ರಾರ್ಥಿಸಿದಾಗ ನೀರಿನ ಬುಗ್ಗೆಗಳು ಚಿಮ್ಮಿದವೆಂಬ ಐತಿಹ್ಯ ಇಂದಿಗೂ ಜೀವಂತವಾಗಿದ್ದು, ದಕ್ಷಿಣ ಕನ್ನಡದ ಜನ ಅಲ್ಲಿಗೆ ಯಾತ್ರೆ ಹೋಗುತ್ತಾರೆ. ಆದರೆ ಜಗಳವನ್ನು ಮಾತ್ರ ಅವರಿಂದ ಪೂರ್ತಿ ನಿಲ್ಲಿಸಲಾಗಲಿಲ್ಲ. 1684ರಲ್ಲಿ ಅವರು ಗೋವೆಗೆ ಮರಳಿದರು. ಲೋಕದ ಕಣ್ಣಿನಲ್ಲಿ ಅದು ಅರ್ಧಕ್ಕೆ ನಿಂತ ಕೆಲಸ. ಸಂತರ ಚರಿತ್ರೆಗಳನ್ನು ಬರೆಯುವವರು ಇಂತಹ ವರ್ಷಗಳನ್ನು ಬೇಗನೆ ದಾಟಿಹೋಗುವುದುಂಟು. ನನಗಾದರೋ ಅವರು ಮುಂದಾಳಾಗುವುದನ್ನು ಕಲಿತದ್ದು ಕೆನರಾದಲ್ಲಿಯೇ ಎಂದು ತೋರುತ್ತದೆ. ಅಧಿಕಾರದ ಜಗಳವು ಬಡವರ ವಿಶ್ವಾಸವನ್ನು ಹೇಗೆ ಒಣಗಿಸುತ್ತದೆಂಬುದನ್ನು ಅವರು ಅಲ್ಲಿ ಹತ್ತಿರದಿಂದ ಕಂಡರು. ಮತ್ತೆಂದೂ ಅವರು ಅಧಿಕಾರಕ್ಕಾಗಿ ಯಾರೊಡನೆಯೂ ಸೆಣಸಲಿಲ್ಲ.

ಗೋವೆಯಲ್ಲಿ ಆಗ ಕೆಲವು ಸ್ವದೇಶೀ ಗುರುಗಳು ಒಂದುಗೂಡಿ ಪ್ರಾರ್ಥನೆಯ ಜೀವನ ನಡೆಸಲು ಆರಂಭಿಸಿದ್ದರು. ಐರೋಪ್ಯರ ಧಾರ್ಮಿಕ ಸಭೆಗಳಲ್ಲಿ ಅವರಿಗೆ ಪ್ರವೇಶವಿರಲಿಲ್ಲ. ವಾಜರು 1685ರ ಸೆಪ್ಟೆಂಬರಿನಲ್ಲಿ ಈ ಗುಂಪನ್ನು ಸೇರಿದರು. ಬಹುಬೇಗನೆ ಅವರನ್ನೇ ಮುಖ್ಯಸ್ಥರನ್ನಾಗಿ ಆರಿಸಿದರು. ಸಂತ ಫಿಲಿಪ್ ನೇರಿಯವರ ಓರಟರಿಯ ಮಾದರಿಯಲ್ಲಿ ರೂಪುಗೊಂಡ ಈ ಸಭೆ ಮುಂದೆ ಸಿಂಹಳಕ್ಕೆ ಗುರುಗಳನ್ನು ಕಳುಹಿಸಿದ ತಾಯಿಮನೆಯಾಯಿತು. ಆದರೆ ಮುಖ್ಯಸ್ಥರ ಪೀಠದಲ್ಲಿ ವಾಜರು ಬಹುಕಾಲ ಕೂರಲಿಲ್ಲ. ಒಂದು ವರ್ಷ ತುಂಬುವ ಹೊತ್ತಿಗೆ, 1686ರಲ್ಲಿ, ಅವರು ಸಿಂಹಳದ ದಾರಿ ಹಿಡಿದರು.

ಸಿಂಹಳದ ಪರಿಸ್ಥಿತಿಯನ್ನು ಇಲ್ಲಿ ಹೇಳಬೇಕು. 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಡಚ್ಚರ ಕೈಸೇರಿದ್ದವು. ಪೋರ್ಚುಗೀಸರ ಮೇಲಿನ ಹಗೆಯಿಂದ ಅವರು ಕಥೋಲಿಕ ಗುರುಗಳನ್ನು ಹೊರಗಟ್ಟಿದರು. ಗುರುಗಳಿಗೆ ಆಶ್ರಯ ಕೊಡುವುದೂ ಅಪರಾಧವಾಯಿತು. ಸುಮಾರು ಮೂವತ್ತು ವರ್ಷ ಅಲ್ಲಿನ ಕ್ರೈಸ್ತರು ಗುರುಗಳಿಲ್ಲದೆ, ಪಾಪನಿವೇದನೆಯಿಲ್ಲದೆ, ಪರಮ ಪ್ರಸಾದವಿಲ್ಲದೆ ಬಾಳಿದರು. ಒಂದು ತಲೆಮಾರು ಬಲಿಪೂಜೆಯನ್ನು ಕಾಣದೆಯೇ ಬೆಳೆಯಿತು. ಅಂತಹ ನಾಡಿಗೆ ಗುರುವಿನ ಉಡುಪಿನಲ್ಲಿ ಹೋಗುವಂತಿರಲಿಲ್ಲ. ವಾಜರು ಕೂಲಿಯಾಳಿನ ವೇಷ ತೊಟ್ಟರು. ಜೊತೆಗಿದ್ದವನು ಜಾನ್ ಎಂಬ ಸೇವಕ ಯುವಕ. ತೂತ್ತುಕುಡಿಯ ಕಡೆಯಿಂದ ಸಮುದ್ರ ದಾಟಿ 1687ರಲ್ಲಿ ಜಾಫ್ನಾ ತಲುಪಿದರು.

ತಲುಪಿದಾಕ್ಷಣ ಸೇವೆ ಆರಂಭವಾಯಿತೇ? ಇಲ್ಲ. ಭೇದಿ ರೋಗ ಹಿಡಿದು ನೆಲ ಹಿಡಿದರು. ಸೋಂಕಿನ ಭಯದಿಂದ ಜನ ಇಬ್ಬರನ್ನೂ ದೂರವಿಟ್ಟರು. ಯಾರೋ ಒಬ್ಬ ಹೆಣ್ಣುಮಗಳು ತಂದುಕೊಟ್ಟ ಗಂಜಿಯಿಂದ ಜೀವ ಉಳಿಯಿತೆಂದು ಅವರ ಚರಿತ್ರೆ ಹೇಳುತ್ತದೆ. ಆಕೆಯ ಹೆಸರು ಉಳಿದುಬಂದಿಲ್ಲ. ಚೇತರಿಸಿಕೊಂಡ ಮೇಲೆ ವಾಜರು ಕೊರಳಿಗೆ ಎದ್ದು ಕಾಣುವಂತೆ ದೊಡ್ಡ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಭಿಕ್ಷೆ ನೀಡುವವರ ಕಣ್ಣು ಅಕ್ಕಿಯ ಮೇಲಿದೆಯೋ ಜಪಸರದ ಮೇಲಿದೆಯೋ ಎಂದು ನೋಡುತ್ತಾ ಹೋದರು. ಜಪಸರವನ್ನು ಕಂಡು ಮುಖ ಅರಳಿದ ಮನೆಯೇ ಅವರ ಮೊದಲ ಧರ್ಮಕೇಂದ್ರವಾಯಿತು.

ಇದರಲ್ಲಿ ದೇವರ ಮೇಲಿನ ಭರವಸೆಯ ಒಂದು ಲಕ್ಷಣವಿದೆ. ಭರವಸೆಯೆಂದರೆ ಕೈಕಟ್ಟಿ ಕುಳಿತು ಆಕಾಶ ನೋಡುವುದೆಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ವಾಜರು ತಮಿಳನ್ನು ಕಲಿತರು, ಬಳಿಕ ಸಿಂಹಳ ಭಾಷೆಯನ್ನು ಕಲಿತರು. ಹಗಲು ಅಡಗಿ ರಾತ್ರಿ ನಡೆದರು. ಯಾವ ಮನೆ ನಂಬಬಹುದು, ಯಾವುದನ್ನು ನಂಬಬಾರದು ಎಂದು ತೂಗಿ ನೋಡಿದರು. ತಾನು ಮಾಡಬಹುದಾದದ್ದನ್ನೆಲ್ಲ ಮಾಡಿ, ಮಾಡಲಾಗದ್ದನ್ನು ಸರ್ವೇಶ್ವರನ ಕೈಗೆ ಬಿಟ್ಟರು. ಭಾಷೆಯ ಸಂಗತಿ ನಮಗೆ ವಿಶೇಷವಾಗಿ ಸಲ್ಲುತ್ತದೆ. ನಮ್ಮ ಈ ಗಡಿ ತಾಲೂಕುಗಳಲ್ಲಿ ಒಂದು ಮನೆಯಲ್ಲಿ ಕನ್ನಡ, ಮತ್ತೊಂದರಲ್ಲಿ ಮರಾಠಿ, ಇನ್ನೊಂದರಲ್ಲಿ ಕೊಂಕಣಿ. ಪ್ರಾರ್ಥನೆ ಯಾವ ಭಾಷೆಯಲ್ಲಿ ನಡೆಯಬೇಕೆಂಬ ಮಾತು ಎದ್ದರೆ ಮುಖಗಳು ಬಿಗಿಯುವುದನ್ನು ನಾವೆಲ್ಲ ನೋಡಿದ್ದೇವೆ. ಕೊಂಕಣಿ ಮನೆಮಾತಿನ, ಪೋರ್ಚುಗೀಸ್, ಲ್ಯಾಟಿನ್ ಬಲ್ಲ ಆ ವಿದ್ವಾಂಸರು ಎದುರಿಗಿರುವವನ ಭಾಷೆಯನ್ನು ತಾವೇ ಕಲಿಯಲು ಕುಳಿತರು.

ಜಾಫ್ನಾದಲ್ಲಿ ಡಚ್ಚರ ಬೇಟೆ ಬಿಗಿಯಾಯಿತು. ಅವರಿಗೆ ಆಶ್ರಯವಿತ್ತ ವಿಶ್ವಾಸಿಗಳು ಹೊಡೆತ, ಸೆರೆವಾಸಗಳನ್ನು ಅನುಭವಿಸಿದರು. ತನ್ನಿಂದಾಗಿ ಜನ ಯಾತನೆಪಡುವುದನ್ನು ಕಂಡ ವಾಜರು 1690ರಲ್ಲಿ ಪುತ್ತಳಂಗೆ, ಅಲ್ಲಿಂದ 1692ರಲ್ಲಿ ಬೌದ್ಧ ಅರಸನ ರಾಜಧಾನಿಯಾದ ಕ್ಯಾಂಡಿಗೆ ಹೋದರು. ಅಲ್ಲಿ ಕಾದಿದ್ದದ್ದು ಸೆರೆಮನೆ. ಇವರು ಪೋರ್ಚುಗೀಸರ ಗೂಢಚಾರರೆಂದು ಯಾರೋ ಅರಸ ಎರಡನೆಯ ವಿಮಲಧರ್ಮಸೂರ್ಯನಿಗೆ ದೂರಿತ್ತಿದ್ದರು. ಜಾನ್ ಸಹ ಅವರೊಡನೆ ಬಂಧನಕ್ಕೊಳಗಾದನು. ಸೆರೆಯಲ್ಲಿ ಅವರು ಸಿಂಹಳ ಭಾಷೆಯ ಅಭ್ಯಾಸ ಮಾಡಿದರು. ಕಾವಲು ಸಡಿಲವಾದಂತೆ ಒಂದು ಗುಡಿಸಿಲನ್ನೇ ಪ್ರಾರ್ಥನಾಲಯ ಮಾಡಿಕೊಂಡರು. ಮೊದಲು ಕದ್ದುಮುಚ್ಚಿ, ಬಳಿಕ ಬಹಿರಂಗವಾಗಿ ಜನ ಅಲ್ಲಿಗೆ ಬರತೊಡಗಿದರು. ಅನಾವೃಷ್ಟಿಯ ಸಮಯದಲ್ಲಿ ಅರಸನ ಕೋರಿಕೆಯ ಮೇರೆಗೆ ಶಿಲುಬೆಯ ಮುಂದೆ ಅವರು ಪ್ರಾರ್ಥಿಸಲು ಮಳೆ ಸುರಿಯಿತೆಂದೂ, ಆಗ ಅವರಿಗೆ ರಾಜ್ಯದಲ್ಲಿ ಸಂಚರಿಸುವ ಸ್ವಾತಂತ್ರ್ಯ ದೊರೆಯಿತೆಂದೂ ಚರಿತ್ರೆಯಲ್ಲಿ ಬರೆದಿದೆ.

ಆದರೆ ಅರಸನ ಮತ್ತು ಪ್ರಜೆಗಳ ಹೃದಯವನ್ನು ಗೆದ್ದದ್ದು ಮಳೆಗಿಂತ ಹೆಚ್ಚಾಗಿ 1697ರ ಸಿಡುಬು. ಆ ಕಾಲದಲ್ಲಿ ಸಿಡುಬು ತಗುಲಿದವರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಕಾಡಿನ ಅಂಚಿಗೆ ಸಾಗಿಸಿ ಬಿಟ್ಟುಬರುತ್ತಿದ್ದರು. ಅರಸನೂ ಶ್ರೀಮಂತರೂ ನಗರವನ್ನು ತೊರೆದರು. ಹಿಂದಿನ ವರ್ಷವಷ್ಟೇ ಗೋವೆಯಿಂದ ಬಂದಿದ್ದ ತಮ್ಮ ಸೋದರಳಿಯ ಜೋಸೆಫ್ ಕಾರ್ವಾಲ್ಯೊ ಗುರುಗಳೊಡನೆ ವಾಜರು ಆ ರೋಗಿಗಳ ನಡುವೆ ಇಳಿದರು. ಅವರಿಗೆ ಗುಡಿಸಿಲು ಕಟ್ಟಿಕೊಟ್ಟರು, ಗಂಜಿ ಕಾಯಿಸಿ ಉಣಿಸಿದರು, ಹುಣ್ಣು ತೊಳೆದರು, ಹೊಲಸು ಬಳಿದರು, ಸತ್ತವರಿಗೆ ಕುಳಿ ತೋಡಿದರು. ಕ್ರೈಸ್ತನೋ ಬೌದ್ಧನೋ ಎಂದು ಕೇಳಲಿಲ್ಲ. ಹತ್ತು ವರ್ಷಗಳ ಹಿಂದೆ ಜಾಫ್ನಾದಲ್ಲಿ ತಾನೇ ಸೋಂಕಿನವನೆಂದು ಹೊರಗೆ ಬಿದ್ದಿದ್ದ ಮನುಷ್ಯ ಅವರು. ಅಂದು ಗಂಜಿ ತಂದಿತ್ತ ಆ ಹೆಣ್ಣುಮಗಳ ಕೆಲಸವನ್ನೇ ಇಂದು ಸಾವಿರ ಪಾಲು ಹಿಗ್ಗಿಸಿ ಮಾಡಿದರೆಂದು ನನಗೆ ಕಾಣುತ್ತದೆ. ರೋಗ ಇಳಿದ ಮೇಲೆ ಕ್ಯಾಂಡಿಯಲ್ಲಿ ಅವರನ್ನು ಗೂಢಚಾರನೆಂದು ಕರೆಯುವ ನಾಲಗೆಗಳು ಅಡಗಿದವು.

ನಮ್ಮ ಭಾಗದವರಿಗೆ ಇದು ದೂರದ ಕತೆಯಲ್ಲ. 2005ರಲ್ಲಿ, 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ಕೃಷ್ಣೆ ದಡ ಮೀರಿದಾಗ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ನದಿದಂಡೆಯ ಹಳ್ಳಿಗಳು ಶಾಲೆಗಳಿಗೂ ಗಂಜಿಕೇಂದ್ರಗಳಿಗೂ ಸ್ಥಳಾಂತರವಾದದ್ದನ್ನು, ದನಕರುಗಳನ್ನು ಎತ್ತರದ ಜಾಗಕ್ಕೆ ಹೊಡೆದುಕೊಂಡು ಹೋದದ್ದನ್ನು ನಾವು ಕಂಡಿದ್ದೇವೆ. 2020ರಲ್ಲಿ ಕೊರೊನಾ ರೋಗ ಬಂದಾಗ ದೇವಾಲಯಗಳ ಬಾಗಿಲುಗಳೇ ಮುಚ್ಚಿದವು. ಆಗ ಯಾರು ಮುಂದೆ ಬಂದರು, ಯಾರು ಹಿಂದೆ ಸರಿದರು ಎಂಬುದು ಪ್ರತಿಯೊಂದು ಊರಿಗೂ ನೆನಪಿದೆ. ಬಂದವರಲ್ಲಿ ಪದಾಧಿಕಾರಿಗಳು ಕೆಲವರಿದ್ದರು. ಯಾವ ಪದವಿಯೂ ಇಲ್ಲದ ತಾಯಂದಿರು, ಕಾಲೇಜು ಓದುವ ಹುಡುಗರು ಹಲವರಿದ್ದರು. ನೆರೆ ಇಳಿದ ನಂತರ ಅವರನ್ನು ಯಾವ ಸಮಿತಿಗೂ ಕರೆಯದೆ ನಾವು ಮತ್ತೆ ಹಳೆಯ ಹೆಸರುಗಳನ್ನೇ ಓದಿದೆವಾದರೆ, ಆ ತಪ್ಪು ನಮ್ಮದೇ.

ವಾಜರು ಆ ತಪ್ಪು ಮಾಡಲಿಲ್ಲ. ಅವರ ಕಾರ್ಯದಲ್ಲಿ ಅತ್ಯಂತ ಮಹತ್ವದ್ದು, ಆದರೆ ಕಡಿಮೆ ಜನ ಬಲ್ಲ ಭಾಗ ಇದು. ಇಡೀ ದ್ವೀಪಕ್ಕೆ ಬೆರಳೆಣಿಕೆಯ ಗುರುಗಳು. ಒಂದು ಹಳ್ಳಿಗೆ ಒಮ್ಮೆ ಬಂದ ಗುರು ಮರಳಿ ಬರುವುದು ಆರು ತಿಂಗಳಿಗೋ ವರ್ಷಕ್ಕೋ. ಆದುದರಿಂದ ಪ್ರತಿ ಹಳ್ಳಿಯಲ್ಲಿಯೂ ಗೃಹಸ್ಥರನ್ನೇ ಆರಿಸಿ ಜವಾಬ್ದಾರಿ ಒಪ್ಪಿಸಿದರು. ಒಬ್ಬನು ‘ಮುಪ್ಪು’, ಮತ್ತೊಬ್ಬನು ‘ಅಣ್ಣಾವಿ’. ಮುಪ್ಪು ಎಂದರೆ ನಮ್ಮ ನುಡಿಯಲ್ಲಿ ವೃದ್ಧಾಪ್ಯ. ಅಲ್ಲಿ ಅದು ಸಮುದಾಯದ ಹಿರಿಯನ ಹೆಸರು. ದೇವಾಲಯದ ವ್ಯವಹಾರ, ಜನರ ನಡುವಣ ವ್ಯಾಜ್ಯ, ಗುರುಗಳ ಬರವಿಗೆ ಸಿದ್ಧತೆ ಅವನ ಪಾಲು. ಅಣ್ಣಾವಿ ಉಪದೇಶಿ: ಭಾನುವಾರ ಜನರನ್ನು ಕೂಡಿಸಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಧರ್ಮೋಪದೇಶ ಕಲಿಸುವುದು, ಸಾಯುವ ಸ್ಥಿತಿಯಲ್ಲಿರುವ ಶಿಶುವಿಗೆ ದೀಕ್ಷಾಸ್ನಾನ ಕೊಡುವುದು, ಮರಣಶಯ್ಯೆಯಲ್ಲಿರುವವರಿಗೆ ಧೈರ್ಯ ಹೇಳುವುದು ಅವನ ಕೆಲಸ. ಇವರ ಉಪಯೋಗಕ್ಕಾಗಿ ಪ್ರಾರ್ಥನೆಗಳನ್ನೂ ಧರ್ಮೋಪದೇಶವನ್ನೂ ತಮಿಳು ಹಾಗೂ ಸಿಂಹಳದಲ್ಲಿ ಸಿದ್ಧಪಡಿಸಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಮೂವತ್ತು ವರ್ಷ ಗುರುಗಳಿಲ್ಲದೆ ಉಳಿದ ಆ ಜನರನ್ನು ಕಂಡಾಗ, ಇವರಿಗೆ ಏನೂ ತಿಳಿಯದೆಂದು ಯಾರಾದರೂ ಭಾವಿಸಬಹುದಿತ್ತು. ವಾಜರು ಕಂಡದ್ದು ಬೇರೆ. ಗುರುಗಳಿಲ್ಲದೆಯೂ ಜಪಸರವನ್ನು ಬಚ್ಚಿಟ್ಟು ಕಾಪಾಡಿದವರು, ಮಕ್ಕಳಿಗೆ ಶಿಲುಬೆಯ ಗುರುತು ಹಾಕಲು ಕಲಿಸಿದವರು ಯಾರೋ ಇದ್ದರಲ್ಲವೇ? ಆ ತಂದೆತಾಯಿಗಳು, ಅಜ್ಜಿಯರು ಕಷ್ಟದ ದಿನಗಳಲ್ಲಿ ತಮಗೆ ಅರಿವಿಲ್ಲದೆಯೇ ಮುಂದಾಳುಗಳಾಗಿದ್ದರು. ಅವರು ಉಳಿಸಿದ್ದ ಬುನಾದಿಯ ಮೇಲೆಯೇ ವಾಜರು ಮುಪ್ಪು, ಅಣ್ಣಾವಿಗಳನ್ನು ನಿಲ್ಲಿಸಿದರು. ಮುಂದೆ ಡಚ್ಚರ ಆಳ್ವಿಕೆ ಮುಗಿಯುವವರೆಗೆ, ಇನ್ನೂ ನೂರು ವರ್ಷ, ಅಲ್ಲಿನ ಧರ್ಮಸಭೆ ಬಾಳಿದ್ದು ಗೋವೆಯ ಕೆಲವೇ ಗುರುಗಳ ಮತ್ತು ಈ ಗೃಹಸ್ಥ ಮುಂದಾಳುಗಳ ಬಲದಿಂದ.

ನಮ್ಮಲ್ಲಿ ಏನಾಗುತ್ತಿದೆ? 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದ ಮೇಲೆ ಈ ಭಾಗಕ್ಕೆ ಶಾಲೆ, ಚಿಕಿತ್ಸಾಲಯ, ವಿದ್ಯಾರ್ಥಿನಿಲಯಗಳ ಮೂಲಕ ಗುರುಗಳೂ ಕನ್ಯಾಸ್ತ್ರೀಯರೂ ಮಾಡಿರುವ ಸೇವೆಯನ್ನು ಯಾರೂ ಮರೆಯಲಾರರು. ಅವರು ಅಷ್ಟು ಚೆನ್ನಾಗಿ ಮಾಡುತ್ತಿರುವುದರಿಂದಲೋ ಏನೋ, ನಾವು ಗೃಹಸ್ಥರು ಎಲ್ಲವನ್ನೂ ಅವರಿಗೆ ಬಿಟ್ಟು ಕೂತಿದ್ದೇವೆ. ಹತ್ತನೆಯ ತರಗತಿ ಮುಗಿಸಿದ ಹುಡುಗನಿಗೆ ಮನೆಯ ಸಂಜೆಯ ಪ್ರಾರ್ಥನೆ ನಡೆಸಲು ನಾಚಿಕೆ. ಶುಭಸಂದೇಶವನ್ನು ತಡೆಯಿಲ್ಲದೆ ಓದಬಲ್ಲ ಹುಡುಗಿ ಇದ್ದರೂ, ನೆಂಟರು ಬಂದಾಗ ಚಹಾ ತರಲು ಮಾತ್ರ ಅವಳನ್ನು ಕರೆಯುತ್ತೇವೆ. ಪುಣೆಗೋ ಬೆಂಗಳೂರಿಗೋ ಉದ್ಯೋಗಕ್ಕೆ ಹೋದ ಮಗ ಅಲ್ಲಿನ ದೇವಾಲಯದಲ್ಲಿ ಹಿಂದಿನ ಬೆಂಚಿನಲ್ಲಿಯೇ ಕೂರುತ್ತಾನೆಂದು ಬೇಸರಪಡುವ ತಂದೆ, ಅವನನ್ನು ಇಲ್ಲಿದ್ದಾಗ ಎಂದಾದರೂ ಮುಂದೆ ನಿಲ್ಲಿಸಿದ್ದನೇ?

ಮಕ್ಕಳಿಗೆ ಕಷ್ಟ ತಟ್ಟದಂತೆ ಸಾಕಬೇಕೆಂಬ ಹಂಬಲ ನಮ್ಮೆಲ್ಲರದ್ದು. ಕಬ್ಬಿನ ಬಿಲ್ಲು ತಡವಾಗಿ ಬಂದ ವರ್ಷವೂ ಮಗನ ಫೀ ತಪ್ಪದಂತೆ ಸಾಲ ಮಾಡುತ್ತೇವೆ. ಆದರೆ ಸಾಲ ಮಾಡಿದ್ದನ್ನು ಅವನಿಗೆ ಹೇಳುವುದಿಲ್ಲ. ಹೇಳಬೇಕೆಂದು ನನ್ನ ಅಭಿಪ್ರಾಯ. ಮನೆಯ ಕಷ್ಟವನ್ನು ಬಲ್ಲ ಮಗು ಮನೆಯ ಪ್ರಾರ್ಥನೆಯನ್ನು ಬೇರೆ ರೀತಿಯಲ್ಲಿ ಹೇಳುತ್ತದೆ.

ವಾಜರ ಕೊನೆಯ ವರ್ಷಗಳ ಬಗೆಗೆ ಇನ್ನೆರಡು ಸಂಗತಿಗಳು. ಅವರನ್ನು ಬಿಷಪರನ್ನಾಗಿ ಮಾಡಬೇಕೆಂಬ ಸೂಚನೆ ಬಂದಾಗ ಅವರು ಒಪ್ಪಲಿಲ್ಲ. 1705ರಲ್ಲಿ ಗೋವೆಯಿಂದ ಬಂದ ಜಾಕೊಮೆ ಗೊನ್ಸಾಲ್ವೆಸ್ ಎಂಬ ಯುವ ಗುರುಗಳಲ್ಲಿ ಭಾಷೆಯ ಅಸಾಧಾರಣ ಪ್ರತಿಭೆಯಿರುವುದನ್ನು ಗುರುತಿಸಿ, ಸಿಂಹಳ ಹಾಗೂ ತಮಿಳಿನಲ್ಲಿ ಗ್ರಂಥರಚನೆಯ ಕಾರ್ಯವನ್ನು ಅವರಿಗೆ ವಹಿಸಿದರು. ಸಿಂಹಳ ಕ್ರೈಸ್ತ ಸಾಹಿತ್ಯದ ಪಿತಾಮಹರೆಂದು ಇಂದು ಹೆಸರಾದವರು ಆ ಗೊನ್ಸಾಲ್ವೆಸರೇ. ತನಗಿಂತ ಹೆಚ್ಚು ಬಲ್ಲ ಕಿರಿಯನನ್ನು ಕಂಡು ಹಿರಿಯನು ಹಿಗ್ಗುವುದು ಸಭೆ ಸಂಘಗಳಲ್ಲಿ ಬಹಳ ಅಪರೂಪವೆಂದು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

ಗೋವೆಯಿಂದ ಹೊರಟ ಮೇಲೆ ವಾಜರು ಮತ್ತೆ ತಾಯ್ನೆಲಕ್ಕೆ ಮರಳಲೇ ಇಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೇವಾಧೀನರಾದರು. ಆಗ ಅವರಿಗೆ ಅರವತ್ತು ವರ್ಷವೂ ತುಂಬಿರಲಿಲ್ಲ. ಒಬ್ಬ ಗುರುವೂ ಇರದಿದ್ದ ದ್ವೀಪದಲ್ಲಿ ಆ ಹೊತ್ತಿಗೆ ಸುಮಾರು 70,000 ಕಥೋಲಿಕರಿದ್ದರೆಂದು ಅವರ ಚರಿತ್ರೆಗಳಲ್ಲಿ ಲೆಕ್ಕ ಕೊಡಲಾಗಿದೆ. ಅವರ ಸಮಾಧಿ ಇದ್ದ ಸ್ಥಳ ಕಾಲಾಂತರದಲ್ಲಿ ಮರೆಯಾಗಿ, ಅವಶೇಷಗಳು ಈವರೆಗೆ ದೊರೆತಿಲ್ಲ. ದರ್ಶನಕ್ಕೆ ಹೋಗಬಯಸುವವರಿಗೆ ಬಾಣಾವಲಿಯ ದೇವಾಲಯವಿದೆ, ಸಾಂಕವಾಳವಿದೆ, ಮಂಗಳೂರಿನತ್ತ ಹೋದರೆ ಮುಡಿಪು ಇದೆ. ಅವರ ಹಬ್ಬ ಜನವರಿ 16ರಂದು ಬರುತ್ತದೆ. ನಮ್ಮಲ್ಲಿ ಅದು ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ಡಬ್ಬಿಯಲ್ಲಿ ಉಳಿದಿರುವ, ಹೊಲಗಳಲ್ಲಿ ಕಬ್ಬಿನ ಕಟಾವು ಭರದಿಂದ ಸಾಗಿರುವ ದಿನ.